ಗೆಳೆಯನಿಗೊಂದು ಪತ್ರ: ಆ ಲಗೋರಿ ಡಬ್ಬಿ ಅಲ್ಲೇ ಬಿಟ್ಟು ಬಾ

ಮಾರಾಯಾ,

ಮೇ ರಜೆಗೆ ಕಾರವಾರಕ್ಕೆ ಬಂದಾಗ ಕೇರಿಯ ಮಕ್ಕಳನ್ನೆಲ್ಲ ಸೇರಿಸಿ ಲಗೋರಿ, ಚಿನ್ನಿದಾಂಡು ಆಡಿಸಬೇಕು ಎಂದು ಬರೆದಿದ್ದೀಯ. ಒಳ್ಳೆಯದೇ. ಅದಕ್ಕೆಂದು ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ ಲಗೋರಿ ಡಬ್ಬಿಯನ್ನು ಮಾತ್ರ ಅಲ್ಲೇ ಬಿಟ್ಟು ಬಾ. ಹೀಗೆ ಶುರುವಾದ ಆಟ ಹತ್ತು ನಿಮಿಷಕ್ಕೆ ಬಿದ್ದುಹೋಗುತ್ತದೆ. ಆಮೇಲೆ ‘ಈಗಿನ ಮಕ್ಕಳಿಗೆ ಮೊಬೈಲ್ ಒಂದಿದ್ದರೆ ಸಾಕು’ ಎಂದು ಜಗಲಿಯಲ್ಲಿ ಕೂತವರು ತೀರ್ಪು ಕೊಟ್ಟುಬಿಡುತ್ತಾರೆ. ತಪ್ಪು ಹೆಚ್ಚಿನ ಸಲ ಸಾಮಾನಿನದ್ದು, ಇಲ್ಲವೇ ನೆಲದ್ದು.

ಲಗೋರಿಗೆ ಏಳು ಚೂರು ಬೇಕು. ಪೇರಿಸಿಟ್ಟ ಚೂರನ್ನು ಒಂದು ಪಕ್ಷ ಚೆಂಡಿನಿಂದ ಬೀಳಿಸಿ ಮತ್ತೆ ಜೋಡಿಸುವುದು, ಅಷ್ಟರೊಳಗೆ ಇನ್ನೊಂದು ಪಕ್ಷ ಅವರಿಗೆ ಚೆಂಡು ಹೊಡೆಯುವುದು, ಇಷ್ಟೇ ಆಟ. ನಮ್ಮ ಕಡೆ ಹಿತ್ತಿಲಲ್ಲಿ ಒಡೆದ ಮಂಗಳೂರು ಹಂಚಿಗೆ ಬರವಿಲ್ಲ, ಅದೇ ಸರಿ. ಚಿರೆಕಲ್ಲಿನ ತುಂಡು ಬೇಡ. ಅದು ತೂತು ತೂತು, ಚೆಂಡು ತಾಗಿದಲ್ಲೆಲ್ಲ ಪುಡಿ ಉದುರಿ ನಾಲ್ಕು ಸುತ್ತಿನೊಳಗೆ ಉರುಟಾಗುತ್ತದೆ. ಹಂಚಿನಲ್ಲೂ ಏಣು, ಕಾಲುವೆ ಇರುವ ತುಂಡು ಒಂದರ ಮೇಲೊಂದು ಕೂರುವುದಿಲ್ಲ. ಚಪ್ಪಟೆ ಭಾಗವನ್ನೇ ಆರಿಸಿ, ಸಣ್ಣ ಕಲ್ಲಿನಿಂದ ಸುತ್ತ ತಟ್ಟಿ ದುಂಡಗೆ ಮಾಡಿ, ಅಂಚನ್ನು ಕಲ್ಲಿಗೆ ಉಜ್ಜು. ಚೂಪು ಉಳಿದರೆ ಗಡಿಬಿಡಿಯಲ್ಲಿ ಜೋಡಿಸುವವರ ಬೆರಳು ಕೊಯ್ಯುತ್ತದೆ. ಅಡಿಯದು ಅಂಗೈಯಷ್ಟು, ತುದಿಯದು ಮೂರು ಬೆರಳಗಲ, ನಡುವಿನವು ಇಳಿಯುತ್ತ ಬರಲಿ. ಏಳೂ ಒಂದೇ ಅಳತೆಯಾದರೆ ಕೈಗೆ ಸಿಕ್ಕಿದ್ದನ್ನು ಪೇರಿಸಿ ಮುಗಿಸಬಹುದು, ಚೆಂಡಿನವರಿಗೆ ಪುರಸೊತ್ತೇ ಸಿಗುವುದಿಲ್ಲ. ದೊಡ್ಡದರ ಮೇಲೆ ಸಣ್ಣದು ಎಂಬ ಕ್ರಮ ಇದ್ದಾಗಲೇ ‘ಮೂರನೆಯದು ಎಲ್ಲಿ, ಮೂರನೆಯದು ಎಲ್ಲಿ’ ಎಂಬ ಹುಡುಕಾಟ ಹುಟ್ಟುವುದು.

ಚೆಂಡು ಪುಟಿಯಬಾರದು. ಟೆನಿಸ್ ಚೆಂಡು ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಹಾರಿ ಪಕ್ಕದ ತೋಟಕ್ಕೆ ಬಿತ್ತು ಅಂದರೆ ಅದನ್ನು ತರುವುದೇ ಆಟ. ಹಳೆಯ ಹತ್ತಿಬಟ್ಟೆಯನ್ನು ಮುಷ್ಟಿ ಗಾತ್ರಕ್ಕೆ ಬಿಗಿಯಾಗಿ ಸುತ್ತಿ, ಬಾಳೆನಾರಿನಿಂದ ಕಟ್ಟು. ಸೈಕಲ್ ಟ್ಯೂಬನ್ನು ಅಡ್ಡಡ್ಡ ಬೆರಳಗಲಕ್ಕೆ ಕತ್ತರಿಸಿದರೆ ಉಂಗುರ ಸಿಗುತ್ತವೆ. ಅವನ್ನು ದಿಕ್ಕು ಬದಲಿಸುತ್ತ ಹತ್ತು ಹನ್ನೆರಡು ಏರಿಸು, ಹೆಚ್ಚು ಬೇಡ. ರಬ್ಬರ್ ಹೆಚ್ಚಾದಂತೆ ತೂಕ ಏರಿ ಮೈಗೆ ಬಿದ್ದ ಪೆಟ್ಟು ಬಾಸುಂಡೆಯಾಗುತ್ತದೆ. ಇದನ್ನು ಒದ್ದೆ ಮರಳಿಗೆ ಒಯ್ಯಬೇಡ, ನೀರು ಕುಡಿದ ಬಟ್ಟೆ ಚೆಂಡು ಕಲ್ಲಿಗೆ ಸಮ.

ಗೆರೆ 15 ಅಡಿ ದೂರ, ಚಿಕ್ಕವರಿಗೆ 10 ಸಾಕು. ಒಬ್ಬರಿಗೆ ಮೂರು ಎಸೆತ. ಬುಡಕ್ಕೆ ಹೊಡೆದರೆ ಏಳೂ ಚದುರಿ ಹೊಡೆದವರಿಗೇ ಕಷ್ಟ. ಜಾಣರು ಮೇಲಿನ ಎರಡು ಮೂರನ್ನಷ್ಟೇ ಸವರಿ ಬೀಳಿಸುತ್ತಾರೆ. ಚೆಂಡು ಹಿಡಿದವರು ಓಡುವಂತಿಲ್ಲ, ಜೊತೆಯವರಿಗೆ ಎಸೆಯಬೇಕು. ಹೀಗಾಗಿ ಒಂದು ಪಕ್ಷಕ್ಕೆ ನಾಲ್ವರಾದರೂ ಬೇಕು, ಐವರಾದರೆ ಚೆಂದ. ಜಗಳ ಎಲ್ಲ ಇರುವುದು ಒಂದೇ ಕಡೆ: ಚೆಂಡು ತಾಗಿದರೆ ಆ ಒಬ್ಬರು ಮಾತ್ರ ಔಟೋ, ಇಡೀ ಪಕ್ಷ ಔಟೋ? ಒಂದೊಂದು ಊರಲ್ಲಿ ಒಂದೊಂದು ರೀತಿ. ಮೊದಲೇ ಕೇಳಿ ಒಪ್ಪಿಸಿಕೋ. ಪೆಟ್ಟು ಸೊಂಟದ ಕೆಳಗೆ ಮಾತ್ರ ಎಂಬುದನ್ನೂ ಆಗಲೇ ಹೇಳಿಬಿಡು.

ಚಿನ್ನಿದಾಂಡಿನಲ್ಲಿ ಮರದ್ದೇ ಮುಖ್ಯ ವಿಚಾರ. ಪೇರಲೆ ಗೆಲ್ಲು ಎಲ್ಲಕ್ಕಿಂತ ಒಳ್ಳೆಯದು. ಗಟ್ಟಿ, ಒಳಗೆ ಎಳೆ ಬಿಗಿ, ಪೆಟ್ಟಿಗೆ ಸೀಳುವುದಿಲ್ಲ. ಹುಣಸೆಯೂ ಆದೀತು. ಹಾಲವಾಣ, ನುಗ್ಗೆ ಮೆದು ಮರ, ಮುಟ್ಟಬೇಡ. ಕಡಿದ ಗೆಲ್ಲನ್ನು ನೆರಳಲ್ಲಿ ಹತ್ತು ದಿನ ಒಣಗಿಸು. ಬಿಸಿಲಿಗಿಟ್ಟರೆ ತುದಿಯಿಂದ ಬಿರುಕು ಬಿಡುತ್ತದೆ. ಆದ್ದರಿಂದ ಊರಿಗೆ ಇಳಿದ ದಿನ ಕಡಿದು ಮರುದಿನ ಆಡುವ ಲೆಕ್ಕ ಬೇಡ, ಯಾರಿಗಾದರೂ ಮೊದಲೇ ಹೇಳಿ ಕಡಿಸಿಡು.

ದಾಂಡು, ಅಂದರೆ ಹೊಡೆಯುವ ಕೋಲು, ಆಡುವ ಮಗುವಿನ ಒಂದು ಮೊಳಕ್ಕಿಂತ ತುಸು ಉದ್ದ, ಹೆಬ್ಬೆರಳಿಗಿಂತ ದಪ್ಪ. ದೊಡ್ಡವರ ಮೊಳದಲ್ಲಿ ಅಳೆದು ಕೊಟ್ಟರೆ ಚಿಕ್ಕವರ ಪೆಟ್ಟು ನೆಲಕ್ಕೇ ಬೀಳುತ್ತದೆ. ಹಿಡಿಯುವ ಕಡೆ ಒಂದು ಹಿಡಿಯಷ್ಟು ಸಿಪ್ಪೆ ಬಿಡು, ಪೂರ್ತಿ ಹೆರೆದದ್ದು ಬೆವರು ಕೈಯಿಂದ ಜಾರುತ್ತದೆ. ಚಿನ್ನಿ ಅರ್ಧ ಗೇಣು, ಸುಮಾರು 4 ಇಂಚು. ಅದರ ಎರಡೂ ತುದಿಯನ್ನು ಒಂದೊಂದು ಇಂಚಿನಷ್ಟು ಇಳಿಜಾರಾಗಿ ಕೆತ್ತಬೇಕು. ಎಲ್ಲ ಆಟವೂ ಈ ಇಳಿಜಾರಿನಲ್ಲೇ ಇದೆ. ನೆಲಕ್ಕೆ ತಾಗದೆ ಎತ್ತಿ ನಿಂತ ತುದಿಗೆ ಮೇಲಿನಿಂದ ತಟ್ಟಿದಾಗ ಚಿನ್ನಿ ತಕ್ಕಡಿಯ ಹಾಗೆ ತಿರುಗಿ ಮೇಲೆ ಚಿಮ್ಮುತ್ತದೆ. ಕೆತ್ತಿದ್ದು ಕಡಿಮೆಯಾದರೆ ತುದಿ ಎತ್ತಿ ನಿಲ್ಲುವುದಿಲ್ಲ, ತಟ್ಟಿದರೆ ಅಲ್ಲೇ ಹೊರಳುತ್ತದೆ. ಹೆಚ್ಚಾದರೆ ತುದಿ ಸಪೂರವಾಗಿ ಎರಡನೇ ದಿನಕ್ಕೆ ಮುರಿಯುತ್ತದೆ. ಕೊನೆಯನ್ನು ಚೂಪು ಬಿಡದೆ ಮೊಂಡು ಮಾಡು, ಅದು ಹಾರುವುದು ಮುಖದ ಎತ್ತರದಲ್ಲಿ.

ನೆಲದಲ್ಲಿ ಚಿನ್ನಿಗಿಂತ ಸಣ್ಣಗೆ, ನಾಲ್ಕು ಬೆರಳಗಲದ ಕುಳಿ. ಅದರ ಮೇಲೆ ಅಡ್ಡ ಇಟ್ಟ ಚಿನ್ನಿಯನ್ನು ದಾಂಡಿನ ತುದಿಯಿಂದ ಎತ್ತಿ ದೂರ ಚಿಮ್ಮಿಸಬೇಕು. ಗಾಳಿಯಲ್ಲೇ ಹಿಡಿದರೆ ಔಟ್. ಹಿಡಿಯದಿದ್ದರೆ ದಾಂಡನ್ನು ಕುಳಿಯ ಮೇಲೆ ಅಡ್ಡ ಮಲಗಿಸಬೇಕು, ಎದುರಿನವರು ಚಿನ್ನಿಯನ್ನು ಅದಕ್ಕೆ ಗುರಿಯಿಟ್ಟು ಎಸೆಯುತ್ತಾರೆ. ತಾಗಿದರೆ ಔಟ್, ತಪ್ಪಿದರೆ ಆಡುವವರಿಗೆ ತುದಿ ತಟ್ಟಿ ಹೊಡೆಯಲು ಮೂರು ಸಲ ಅವಕಾಶ. ಚಿನ್ನಿ ಬಿದ್ದಲ್ಲಿಂದ ಕುಳಿಯವರೆಗೆ ದಾಂಡಿನಲ್ಲಿ ಅಳೆದು ಎಣಿಸುವುದು. ಮರಾಠಿಯವರ ವಿಟಿದಾಂಡುವಿನಲ್ಲಿ ಈ ಎಣಿಕೆ ವಕಟ, ಲೇಂಡ, ಮುಂಡ, ನಾಲ ಎಂದು ಸಾಗುತ್ತದೆ. ಕಿವಿಗೊಟ್ಟು ಕೇಳು, ತೆಲುಗಿನ ಒಕಟಿ, ರೆಂಡು, ಮೂಡು ಅಲ್ಲಿವೆ, ನಮ್ಮ ನಾಲ್ಕೂ ಇದೆ. ಅಂಕಿಗಳಿಗೆ ಗಡಿ ಗೊತ್ತಿಲ್ಲ ನೋಡು.

ಕಡಲ ತಡಿಯಲ್ಲಿ ಆಡಿಸುವ ಆಸೆ ನಿನಗೆ, ಗೊತ್ತು. ಒಣ ಮರಳಲ್ಲಿ ಚಿನ್ನಿ ಹೂತುಹೋಗುತ್ತದೆ, ತಟ್ಟಿದರೆ ಏಳುವುದಿಲ್ಲ. ನೀರು ಇಳಿದ ಮೇಲೆ ಸಿಗುವ ಗಟ್ಟಿ ಒದ್ದೆ ಮರಳೇ ಆಗಬೇಕು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಇವತ್ತು ಸಂಜೆ ನಾಲ್ಕಕ್ಕೆ ಸಿಕ್ಕಿದ ಜಾಗ ವಾರದ ಮೇಲೆ ಅದೇ ಹೊತ್ತಿಗೆ ನೀರಡಿ ಇರುತ್ತದೆ. ಮೀನುಗಾರರನ್ನು ಕೇಳಿದರೆ ಗಡಿಯಾರ ನೋಡದೆ ಹೇಳುತ್ತಾರೆ. ಆ ಒದ್ದೆ ಮರಳು ಕುಂಟಾಬಿಲ್ಲೆಗೂ ಒಳ್ಳೆಯದು, ಗೆರೆ ಹಿಮ್ಮಡಿಯಲ್ಲೇ ಮೂಡುತ್ತದೆ, ಬಿಲ್ಲೆ ಬಿದ್ದಲ್ಲೇ ನಿಲ್ಲುತ್ತದೆ.

ಶಿರಸಿ ಕಡೆ ಹೋಗುವುದಾದರೆ ಅಂಗಳದ ಆಟವನ್ನು ಅಡಿಕೆ ಕೊಯ್ಲಿನ ದಿನಗಳಲ್ಲಿ ಹಾಕಬೇಡ, ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಅಲ್ಲಿ ಬಿಟ್ಟಿ ಸಿಗುವ ವಾಹನ ಅಡಿಕೆ ಹಾಳೆ. ಆಗಷ್ಟೇ ಬಿದ್ದದ್ದು ಬೇಕು, ಒಣಗಿದ್ದು ಕೂತ ತಕ್ಷಣ ಸೀಳುತ್ತದೆ. ಒಬ್ಬರು ಹಾಳೆಯಲ್ಲಿ ಕೂತರೆ ಇನ್ನೊಬ್ಬರು ಸೋಗೆಯ ದಂಟು ಹಿಡಿದು ಎಳೆಯುವುದು. ತರಗೆಲೆ ಬಿದ್ದ ಇಳಿಜಾರಲ್ಲಿ ಜಾರುತ್ತದೆ, ಜಂಬಿಟ್ಟಿಗೆಯಲ್ಲಿ ಹಾಳೆಯ ಜೊತೆ ಚಡ್ಡಿಯೂ ಸವೆಯುತ್ತದೆ.

ಪೆಟ್ಲು, ಅದೇ ಕಾಯಿ ಸಿಡಿಸುವ ಬಿದಿರಿನ ಆಟದ ಕೋವಿ, ಬೇಕೆಂದು ಕೇಳಿದ್ದೀಯ. ಅದು ಮೇ ತಿಂಗಳ ಆಟವಲ್ಲ ಮಾರಾಯಾ. ಅದರ ಗುಂಡು ಜುಮ್ಮನಕಾಯಿ, ಕೊಂಕಣಿಯವರು ಮೀನಿನ ಸಾರಿಗೆ ಹಾಕುವ ತೆಪ್ಪಳದ ಹಸಿ ಕಾಯಿ. ಕಾಳುಮೆಣಸಿನ ಗಾತ್ರದ ಆ ಹಸಿರು ಕಾಯಿ ಸಿಗುವುದು ಅಷ್ಟಮಿ, ಚೌತಿ ಹೊತ್ತಿಗೆ. ಕೊಳವೆಗೆ ವಾಟೆ ಬಿದಿರು, ಗಂಟಿಲ್ಲದ ಒಂದು ಗೇಣು, ಒಳತೂತು ಕಾಯಿಗಿಂತ ಕೂದಲೆಳೆಯಷ್ಟು ಸಣ್ಣದು. ತೂತು ದೊಡ್ಡದಾದರೆ ಗಾಳಿ ಸೋರಿ ‘ಟಪ್’ ಬದಲು ‘ಪುಸ್’. ನೂಕುವ ಕಡ್ಡಿಯನ್ನು ಬಲಿತ ಬಿದಿರಿನಿಂದ ಹೆರೆದು, ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡ ಮಾಡಬೇಕು. ಮೊದಲ ಕಾಯಿಯನ್ನು ತುದಿಯವರೆಗೆ ನೂಕಿ ನಿಲ್ಲಿಸು. ಎರಡನೆಯದನ್ನು ಹಿಂದಿನಿಂದ ಜೋರಾಗಿ ನೂಕಿದಾಗ ನಡುವಿನ ಗಾಳಿ ಒತ್ತಿ ಮೊದಲನೆಯದು ಸಿಡಿಯುತ್ತದೆ, ಎರಡನೆಯದು ತುದಿಯಲ್ಲಿ ಉಳಿದು ಮುಂದಿನ ಗುಂಡಾಗುತ್ತದೆ. ಕಡ್ಡಿ ಉದ್ದವಾದರೆ ಎರಡೂ ಒಟ್ಟಿಗೆ ಹೊರಗೆ ಬೀಳುತ್ತವೆ. ಮಳೆಯಲ್ಲಿ ಕಡ್ಡಿ ಉಬ್ಬಿ ಕಚ್ಚಿಕೊಂಡರೆ ಒಲೆ ಪಕ್ಕ ಇಟ್ಟು ಒಣಗಿಸಿ ಒಂದಿಷ್ಟು ಹೆರೆದರಾಯಿತು. ಮುಖಕ್ಕೆ ಗುರಿಯಿಡಲು ಯಾರನ್ನೂ ಬಿಡಬೇಡ, ಪೆಟ್ಟಿನ ಜೊತೆ ಆ ಕಾಯಿಯ ರಸವೂ ಕಣ್ಣು ಉರಿಸುತ್ತದೆ.

ಹಂಚಿನ ಚೂರು, ಬಾಳೆನಾರು ಇಲ್ಲೇ ಇದೆ. ಪಂಚರ್ ಅಂಗಡಿಯಲ್ಲಿ ಬಿಸಾಡುವ ಸೈಕಲ್ ಟ್ಯೂಬ್ ಎರಡು ಅಲ್ಲಿಂದಲೇ ತಾ. ಪೇರಲೆ ಗೆಲ್ಲಿಗೆ ಏಪ್ರಿಲ್ ಮುಗಿಯುವುದರೊಳಗೆ ಫೋನ್ ಮಾಡು, ಮತ್ತೆ ಮಳೆ ಹಿಡಿದರೆ ಒಣಗುವುದಿಲ್ಲ.

ಇಂತಿ ನಿನ್ನ
ಗೆಳೆಯ