ಹದ್ದಿನ ಚಿತ್ರದ ಜೊತೆಗೆ ಹದ್ದಿನ ಕತೆಯೂ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಚಿತ್ರವೊಂದು ನಮ್ಮ ಊರಿನಲ್ಲಿ ಕೈಯಿಂದ ಕೈಗೆ ತಿರುಗಿತು. ಕುದುರೆ ಏರಿದ ಮುದುಕ, ನರಿಯ ತುಪ್ಪಳದ ಟೊಪ್ಪಿಗೆ, ಮುಂಗೈ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಕೆಳಗೆ ಒಂದೇ ಸಾಲು: ಹದ್ದು ಪಳಗಿಸಿ ಬೇಟೆಯಾಡುವ ಮಂಗೋಲಿಯದ ಕುರಿಗಾಹಿಗಳು. ಮಹಾರಾಷ್ಟ್ರದ ಜತ್ತ ತಾಲೂಕಿನ ನಮ್ಮಂಥ ಊರಿನಲ್ಲಿ ಕುರಿಗಾಹಿಗಳು ಪತ್ರಿಕೆಯಲ್ಲಿ ಬರುವುದು ಬರಗಾಲ ಬಿದ್ದಾಗ ಮಾತ್ರ. ಹೀಗಾಗಿ ಹುಡುಗರಿಗೆ ಹಿಗ್ಗೋ ಹಿಗ್ಗು. ಮೊಬೈಲಿನಲ್ಲಿ ಅಂಥವೇ ವಿಡಿಯೊಗಳನ್ನು ಹುಡುಕಿ ಹುಡುಕಿ ನೋಡಿದರು.

ಎಂಟು ದಿನ ಕಳೆದಿರಲಿಲ್ಲ. ಸಂಜೆ ಕುರಿದೊಡ್ಡಿಯ ಕಡೆ ಹೋದಾಗ ಬೇವಿನ ಗಿಡದ ಬುಡದಲ್ಲಿ ಗಿಡುಗದ ಮರಿಯೊಂದನ್ನು ಕಟ್ಟಿಹಾಕಿದ್ದರು. ಕಾಲಿಗೆ ಸುತಳಿ. ಎಳೆದೆಳೆದು ಚರ್ಮ ಸುಲಿದಿತ್ತು. ಬಿಸಿಲಿಗೆ ಕೊಕ್ಕು ತೆರೆದು ತೇಕುತ್ತಿತ್ತು. ನಾನು ಬಗ್ಗಿದಾಗ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆಯೊಂದು ಅಡ್ಡಲಾಗಿ ಸರಿದು ಮತ್ತೆ ಹಿಂದೆ ಹೋಯಿತು. ಮುಂದೆ ಕರಟದಲ್ಲಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಇಟ್ಟಿದ್ದರು! ಹುಡುಗರು ಕೆಟ್ಟವರಲ್ಲ. ತಾವು ಉಣ್ಣುವುದನ್ನೇ ಅದಕ್ಕೂ ಕೊಟ್ಟಿದ್ದರು. ಆದರೆ ಮಾಂಸವನ್ನೇ ತಿಂದು ಬದುಕುವ ಹಕ್ಕಿ ಅದರ ಮುಂದೆ ಎರಡು ದಿನ ಉಪವಾಸ ಕುಳಿತಿತ್ತು.

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಬಂದ ಸಿಬ್ಬಂದಿ ಹಳೆಯ ಬುಟ್ಟಿಯೊಂದಕ್ಕೆ ಕಡ್ಡಿ ಹಾಸಿ, ಮರಿಯನ್ನು ಅದರಲ್ಲಿಟ್ಟು, ಹುಡುಗರು ತೋರಿಸಿದ ಗಿಡಕ್ಕೇ ಎತ್ತರದಲ್ಲಿ ಕಟ್ಟಿದರು. ನಾವೆಲ್ಲ ದೂರ ಕುಳಿತೆವು. ಮಧ್ಯಾಹ್ನ ತಾಯಿ ಓತಿಕ್ಯಾತವನ್ನು ಕಚ್ಚಿಕೊಂಡು ಬಂದಿತು.

ಆಗ ಒಬ್ಬ ಹುಡುಗ ಕೇಳಿದ: “ಸರ್, ಅವರು ಹಿಡಿಯಬಹುದು, ನಾವೇಕೆ ಹಿಡಿಯಬಾರದು?” ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವನು ನಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ ಎಂದು ಹೇಳಿದೆ. ಮಾತು ಸರಿಯೇ, ಆದರೆ ಅವನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಉತ್ತರ ತಮ್ಮ ಚಿತ್ರದ ಕೆಳಗೆ ಇರಬೇಕಾಗಿತ್ತು.

ಚಿತ್ರದಲ್ಲಿರುವವರು ಮಂಗೋಲಿಯದ ಪಶ್ಚಿಮದ ತುದಿಯಲ್ಲಿ, ಅಲ್ತಾಯ್ ಪರ್ವತಗಳ ಮಗ್ಗುಲಿನ ಬಯಾನ್ ಉಲ್ಗಿ ಪ್ರಾಂತದ ಕಜಕ್ ಜನ. ಬುರ್ಕಿತ್ ಎಂದರೆ ಅವರ ಭಾಷೆಯಲ್ಲಿ ಆ ಹೊನ್ನಗಂದು ಹದ್ದು, ಅದನ್ನು ಸಾಕಿ ಬೇಟೆಯಾಡುವವನು ಬುರ್ಕಿತ್ಶಿ. ಕುರಿ, ಮೇಕೆ, ಯಾಕ್, ಕುದುರೆಗಳೇ ಅವರ ಬದುಕು. ಬೇಟೆ ಚಳಿಗಾಲದ ಕೆಲಸ, ಏಕೆಂದರೆ ನರಿಯ ತುಪ್ಪಳ ದಟ್ಟವಾಗುವುದು ಆಗಲೇ. ನಮ್ಮ ಕಡೆ ಹಾಗಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಗಿಡುಗದ ಬೇಟೆಯನ್ನು ಅರಸರ ವಿನೋದಗಳಲ್ಲಿ ಸೇರಿಸಿದ. ವಿಜಯನಗರದ ಸಾಳುವರ ಹೆಸರಿಗೂ ಬೇಟೆಯ ಗಿಡುಗ ಎಂದೇ ಅರ್ಥ. ಇಲ್ಲಿ ದೊರೆಗಳ ಆಟವಾಗಿದ್ದದ್ದು ಅಲ್ಲಿ ಕುರಿ ಕಾಯುವವನ ಮೈಗೆ ಬೆಚ್ಚನೆಯ ಬಟ್ಟೆ.

ನಿಜ, ಅವರೂ ಗೂಡಿನಿಂದ ಮರಿ ತರುತ್ತಾರೆ. ಕೆಲವರು ಬಲೆ ಹಾಕಿ ಎಳೆಯ ಹದ್ದನ್ನು ಹಿಡಿಯುತ್ತಾರೆ. ಅದನ್ನು ನಾನು ಹುಡುಗರಿಂದ ಮುಚ್ಚಿಡಲಿಲ್ಲ. ಆದರೆ ತಂದ ಮೇಲೆ? ಗಂಡಿಗಿಂತ ದೊಡ್ಡದಾದ ಹೆಣ್ಣನ್ನೇ ಆರಿಸುತ್ತಾರೆ. ಐದಾರು ಕಿಲೋ ಭಾರವನ್ನು ಕುದುರೆಯ ಮೇಲೆ ದಿನವಿಡೀ ಹೊರಲು ಮುಂಗೈಗೆ ಕವಲುಗೋಲಿನ ಆಸರೆ ಬೇಕು. ಕಣ್ಣಿಗೆ ತೊಗಲಿನ ಕುಲಾವಿ ಹಾಕಿ ಹಕ್ಕಿಯ ಗಾಬರಿ ತಗ್ಗಿಸುತ್ತಾರೆ. ಎಷ್ಟು ಮಾಂಸ ಕೊಟ್ಟರೆ ಹಾರುತ್ತದೆ, ಎಷ್ಟು ಕೊಟ್ಟರೆ ಸೋಮಾರಿಯಾಗುತ್ತದೆ ಎಂಬ ಲೆಕ್ಕ ತಂದೆಯ ಪಕ್ಕದಲ್ಲಿ ಎಷ್ಟೋ ಚಳಿಗಾಲ ಕಳೆದವನಿಗೆ ಮಾತ್ರ ಸಿಗುತ್ತದೆ.

ಕೊನೆಗೊಂದು ದಿನ, ಆರೇಳು ವರ್ಷಕ್ಕೋ ಹತ್ತು ವರ್ಷಕ್ಕೋ, ಅವನು ಹದ್ದನ್ನು ದೂರದ ಬೆಟ್ಟಕ್ಕೆ ಒಯ್ದು ಬಿಟ್ಟುಬರುತ್ತಾನೆ, ಅದು ಗೂಡು ಕಟ್ಟಿ ಮರಿ ಮಾಡಿಕೊಳ್ಳಲಿ ಎಂದು. ಬೀಳ್ಕೊಡುಗೆಗೆ ಒಂದು ಕುರಿಯನ್ನು ಕೊಯ್ದು ಅಲ್ಲಿ ಇಟ್ಟುಬರುವ ರೂಢಿಯೂ ಇದೆ. ಇದನ್ನು ಹೇಳಿದಾಗ ಹುಡುಗರು ಸುಮ್ಮನಾದರು. ನಮ್ಮ ಕಡೆಯ ಮಾಡಗ್ಯಾಳ ತಳಿಯ ಒಂದು ಕುರಿಮರಿ ಸತ್ತರೆ ಮನೆಯಲ್ಲಿ ಒಲೆ ಹಚ್ಚದವರನ್ನು ಅವರು ಕಂಡಿದ್ದಾರೆ. ಒಂದು ಕುರಿ ಕೊಡುವುದೆಂದರೆ ಏನೆಂದು ಅವರಿಗೆ ಗೊತ್ತು.

2010ರಲ್ಲಿ ಮಂಗೋಲಿಯವೂ ಸೇರಿ 11 ದೇಶಗಳ ಹೆಸರಿನಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಇಡೀ ವಿದ್ಯೆ, ಮುಂಗೈ ಮೇಲಿನ ಹಕ್ಕಿ ಮಾತ್ರವಲ್ಲ. ಇನ್ನೊಂದು ಮಾತು. ಚಳಿಗಾಲದಲ್ಲಿ ನಮ್ಮ ಮಾಳದ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಮಿಡತೆ ಹಿಡಿಯುವ, ಗಿಡುಗದಂಥ ಸೆಳೆವ ಹಕ್ಕಿಗಳನ್ನು ನಮ್ಮ ಕುರುಬರೆಲ್ಲ ಕಂಡಿದ್ದಾರೆ. ಕಜಕಸ್ತಾನದ ಹುಲ್ಲುಗಾವಲಿನಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಹಕ್ಕಿಗಳೂ ಅವುಗಳಲ್ಲಿವೆ. ರಾತ್ರಿ ಅವು ಹುಲ್ಲಿನಲ್ಲೇ, ನೆಲದ ಮೇಲೆ ತಂಗುತ್ತವೆ. ದಾಖಲೆಯಲ್ಲಿ ಪಡ, ಅಂದರೆ ಪಾಳು ನೆಲ, ಎಂದು ಬರೆದು ನಾವು ಕಳೆದುಕೊಳ್ಳುತ್ತಿರುವ ಮಾಳವೇ ಅವುಗಳ ಹಾಸಿಗೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಆ ಜನರ ಬಗ್ಗೆ, ಅವರ ಹದ್ದಿನ ಬಗ್ಗೆ, ಅದನ್ನು ಬಿಟ್ಟುಬರುವ ದಿನದ ಬಗ್ಗೆ ಒಂದು ಪುಟ ಬರೆಸಿ. ನಮ್ಮ ಮಾಳದ ಹಕ್ಕಿಗಳಿಗೂ ಅದರಲ್ಲಿ ಜಾಗ ಕೊಡಿ. ಪುಟ ಬಂದ ದಿನ ಶಾಲೆಯ ಫಲಕಕ್ಕೆ ಅಂಟಿಸುತ್ತೇನೆ. ಸುತಳಿ ಕಟ್ಟಿದ್ದ ಹುಡುಗನೇ ಪ್ರತಿ ಭಾನುವಾರ ಬಸ್ ನಿಲ್ದಾಣಕ್ಕೆ ಹೋಗಿ ಪತ್ರಿಕೆ ತರುತ್ತಿದ್ದಾನೆ.

ಇಂತಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕ,
ಜತ್ತ ತಾಲೂಕು, ಸಾಂಗಲಿ ಜಿಲ್ಲೆ