ಊರಿಗೇ ಹಣೆಪಟ್ಟಿ ಹಚ್ಚುವ ಮುನ್ನ

ಮಾನ್ಯ ಸಂಪಾದಕರೇ,

ಅಪರಾಧ ಅಂಕಿಅಂಶಗಳ ಬಗ್ಗೆ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನೂ ಅದರ ಜೊತೆಗಿನ ನಗರಗಳ ಪಟ್ಟಿಯನ್ನೂ ಓದಿದೆ. ಶೀರ್ಷಿಕೆಯಲ್ಲಿ ಒಂದು ನಗರದ ಹೆಸರು, ಅದರ ಪಕ್ಕದಲ್ಲಿ ‘ಅಪರಾಧಗಳ ರಾಜಧಾನಿ’. ಯಾವ ನಗರ ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದೇ ಮಾತನ್ನು ಇನ್ನೊಂದು ಸಲ ಅಚ್ಚು ಹಾಕಿಸಿದಂತೆ. ಅಲ್ಲಿ ಯಾವ ಬಗೆಯ ಅಪರಾಧ ಜಾಸ್ತಿ, ಯಾಕೆ ಜಾಸ್ತಿ ಅನ್ನುವುದಕ್ಕೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಹೀಗಿದ್ದಾಗ ಓದಿದವರ ತಲೆಯಲ್ಲಿ ಉಳಿಯುವುದು ಒಂದೇ: ‘ಆ ಕಡೆಯವರೇ ಹಾಗೆ’.

ಒಂದು ಊರಿಗೆ ಕೆಟ್ಟ ಹೆಸರು ಹೇಗೆ ಬರುತ್ತದೆ? ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಅಂತ ನಾವು ಸುಲಭವಾಗಿ ಕೇಳಿಬಿಡುತ್ತೇವೆ. ಆದರೆ ಹೊಗೆ ಎಬ್ಬಿಸುವುದರಲ್ಲಿ ಪತ್ರಿಕೆಗಳ ಪಾಲೂ ಇದೆ. ಇದಕ್ಕೆ ಒಂದು ಹಳೆಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನಿಮ್ಮ ವೃತ್ತಿಯದೇ ಕಥೆ.

1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ ಕಿಟ್ಟಿ ಜೆನೊವೀಸ್ ಎಂಬ 28 ವರ್ಷದ ಯುವತಿಯ ಕೊಲೆಯಾಯಿತು. ಎರಡು ವಾರದ ನಂತರ ‘ನ್ಯೂಯಾರ್ಕ್ ಟೈಮ್ಸ್’ ಮೊದಲ ಪುಟದಲ್ಲಿ ಒಂದು ವರದಿ ಪ್ರಕಟಿಸಿತು. 38 ಮಂದಿ ಮರ್ಯಾದಸ್ಥ ನಾಗರಿಕರು ಅರ್ಧ ಗಂಟೆಗೂ ಹೆಚ್ಚು ಹೊತ್ತು ಈ ದಾಳಿಯನ್ನು ನೋಡುತ್ತಿದ್ದರು, ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ಅದು ಹೇಳಿತು. ಆ 38ರ ಲೆಕ್ಕ ಬಂದದ್ದು ಎಲ್ಲಿಂದ? ನಗರದ ಪೊಲೀಸ್ ಕಮಿಷನರ್ ಊಟದ ಹೊತ್ತಿನಲ್ಲಿ ಆ ಪತ್ರಿಕೆಯ ಸಂಪಾದಕರೊಬ್ಬರಿಗೆ ಆಡಿದ ಮಾತಿನಿಂದ.

ವರದಿ ಜಗತ್ತೆಲ್ಲ ಸುತ್ತಿತು. ನ್ಯೂಯಾರ್ಕಿನವರಿಗೆ ಕರುಳೇ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿಯಾಯಿತು. ಮನಶ್ಶಾಸ್ತ್ರದ ಪಠ್ಯಪುಸ್ತಕಗಳಿಗೂ ಸೇರಿತು. ನಿಜ ಸಂಗತಿ ಬೇರೆಯೇ ಇತ್ತು. ದಾಳಿಯನ್ನು ಕಣ್ಣಾರೆ ಕಂಡವರು ಕೆಲವೇ ಮಂದಿ. ಹೆಚ್ಚಿನವರಿಗೆ ಕೇಳಿಸಿದ್ದು ಚೀರಾಟ ಮಾತ್ರ, ಅದೂ ಚಳಿಯ ರಾತ್ರಿ, ಮುಚ್ಚಿದ ಕಿಟಕಿಗಳ ಆಚೆಯಿಂದ. ಒಬ್ಬರು ಕಿಟಕಿಯಿಂದ ಗದರಿದಾಗ ಕೊಲೆಗಾರ ಓಡಿಹೋಗಿದ್ದ. ಆಮೇಲೆ ತಿರುಗಿ ಬಂದು ಅವನು ಮತ್ತೆ ಇರಿದದ್ದು ಕಟ್ಟಡದ ಹಿಂಬದಿಯ ಮೆಟ್ಟಿಲಿನ ಬಳಿ. ಆ ಜಾಗ ಹೆಚ್ಚಿನವರಿಗೆ ಕಾಣುವಂತೆಯೇ ಇರಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬರು ವಿಷಯ ತಿಳಿದ ಕೂಡಲೇ, ಕೊಲೆಗಾರ ಅಲ್ಲೇ ಇರಬಹುದು ಅಂತಲೂ ಯೋಚಿಸದೆ ಕೆಳಗೆ ಓಡಿಬಂದು, ಆಂಬುಲೆನ್ಸ್ ಬರುವವರೆಗೂ ಕಿಟ್ಟಿಯನ್ನು ತೋಳಿನಲ್ಲಿ ಹಿಡಿದುಕೊಂಡಿದ್ದರು. ಊರಿನ ಗುಣ ಅಳೆಯಲೇಬೇಕು ಅಂತಿದ್ದರೆ ಆ ಹೆಂಗಸನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು, ಅಲ್ವಾ?

ಸಾಕ್ಷಿಗಳ ಸಂಖ್ಯೆಯನ್ನೂ ಅವರು ಕಂಡದ್ದನ್ನೂ ತನ್ನ ವರದಿ ಬಹಳ ಉತ್ಪ್ರೇಕ್ಷೆ ಮಾಡಿತ್ತು ಎಂದು ಅದೇ ಪತ್ರಿಕೆ 2016ರಲ್ಲಿ ಬರೆಯಿತು. ಆ ಕೊಲೆಗಾರ ಜೈಲಿನಲ್ಲಿ ಸತ್ತ ಸುದ್ದಿಯ ಜೊತೆಗೆ. ಅಂದರೆ 52 ವರ್ಷದ ನಂತರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಆ ಊರಿಗೆ ಸಿಕ್ಕಿದ್ದು ಒಂದು ಪ್ಯಾರಾ.

ಕೆಟ್ಟ ಹೆಸರು ಯಾವಾಗಲೂ ಕೈತಪ್ಪಿನಿಂದಲೇ ಬರುತ್ತದೆ ಅಂತಲೂ ಇಲ್ಲ. ಕೆಲವೊಮ್ಮೆ ಅದರಿಂದ ಲಾಭ ಇರುವವರು ಇರುತ್ತಾರೆ. ಅದೇ ನ್ಯೂಯಾರ್ಕ್ 1975ರಲ್ಲಿ ದಿವಾಳಿಯ ಅಂಚಿಗೆ ಬಂದಿತ್ತು. ಸಾವಿರಾರು ಪೊಲೀಸರನ್ನೂ ಅಗ್ನಿಶಾಮಕ ಸಿಬ್ಬಂದಿಯನ್ನೂ ಮನೆಗೆ ಕಳಿಸಲು ನಗರಾಡಳಿತ ಹೊರಟಿತು. ಅದರ ವಿರುದ್ಧ ಅವರ ಸಂಘಗಳು ಪ್ರವಾಸಿಗರಿಗೆ ಹಂಚಲು ಒಂದು ಕರಪತ್ರ ಮಾಡಿದವು. ಹೊದಿಕೆಯ ಮೇಲೆ ತಲೆಬುರುಡೆಯ ಚಿತ್ರ. ‘ಭಯದ ನಗರಕ್ಕೆ ಸ್ವಾಗತ’ ಎಂಬ ತಲೆಬರಹ. ಸಂಜೆ ಆರರ ನಂತರ ಬೀದಿಗೆ ಇಳಿಯಬೇಡಿ, ಸುರಂಗ ರೈಲನ್ನು ಹತ್ತಲೇಬೇಡಿ ಎಂಬ ಬುದ್ಧಿಮಾತು ಒಳಗೆ. ಊರನ್ನು ಕಾಯಬೇಕಾದವರೇ ಊರಿನ ಹೆಸರನ್ನು ಚೌಕಾಸಿಗೆ ಇಟ್ಟರು. ಅಪರಾಧ ಆಗ ನಿಜಕ್ಕೂ ಹೆಚ್ಚಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂಜೆ ಆರಕ್ಕೆ ಬಾಗಿಲು ಹಾಕಿ ಕೂರುವ ಊರು ಅದಾಗಿರಲಿಲ್ಲ.

ಈಗ ಅಂಕಿಗಳ ವಿಷಯ. ಅಂಕಿ ಸುಳ್ಳು ಹೇಳುವುದಿಲ್ಲ ಅಂತ ನಂಬಿಕೊಂಡೇ ಇಂಥ ಪಟ್ಟಿಗಳನ್ನು ನೀವು ಅಚ್ಚು ಹಾಕುತ್ತೀರಿ. ಅಮೆರಿಕದ ಸೇಂಟ್ ಲೂಯಿಸ್ ನಗರವನ್ನು ನೋಡಿ. ಆ ದೇಶದ ಅತಿ ಅಪಾಯದ ನಗರಗಳ ಪಟ್ಟಿ ಯಾರೇ ಮಾಡಲಿ, ಅದರ ಹೆಸರು ಮೇಲುಗಡೆಯೇ ಇರುತ್ತದೆ. ಅಲ್ಲಿ ಕೊಲೆಗಳು ಹೆಚ್ಚು ಅನ್ನುವುದು ನಿಜ. ಆದರೆ ಆ ನಗರ 1876ರಲ್ಲಿ ತನ್ನ ಸುತ್ತಲಿನ ಕೌಂಟಿಯಿಂದ (ನಮ್ಮ ಜಿಲ್ಲೆಯಂಥದು) ಬೇರೆಯಾಗಿ ಗಡಿ ಹಾಕಿಕೊಂಡಿತು. ಗಡಿ ಅಲ್ಲೇ ನಿಂತಿತು, ಊರು ಬೆಳೆಯಿತು. ಈಗ ಗಡಿಯ ಒಳಗಿರುವವರು ಸುಮಾರು 3 ಲಕ್ಷ. ಇಡೀ ಮಹಾನಗರ ಪ್ರದೇಶದಲ್ಲಿ ಇರುವವರು ಸುಮಾರು 28 ಲಕ್ಷ. ಕೆಲಸಕ್ಕೆ, ಆಟ ನೋಡಲಿಕ್ಕೆ ಅಂತ ಹೊರಗಿನಿಂದ ಬಂದವರ ಮೇಲೆ ಹಲ್ಲೆಯಾದರೆ ಅದು ನಗರದ ಲೆಕ್ಕಕ್ಕೆ ಸೇರುತ್ತದೆ. ದರ ತೆಗೆಯಲು ಅಪರಾಧಗಳ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸುವಾಗ ಮಾತ್ರ ಒಳಗಿನ 3 ಲಕ್ಷವೇ. ನೆಮ್ಮದಿಯ ಹೊರವಲಯಗಳನ್ನೂ ಒಳಗೆ ಸೇರಿಸಿಕೊಂಡು ದೊಡ್ಡ ಗಡಿ ಹಾಕಿಕೊಂಡ ನಗರಗಳ ದರ ತಾನಾಗಿ ಕಡಿಮೆ ಕಾಣುತ್ತದೆ. ಹೀಗಾಗಿಯೇ ತನ್ನ ಅಂಕಿಗಳನ್ನು ಬಳಸಿ ನಗರಗಳಿಗೆ ಸ್ಥಾನ ಕೊಡಬೇಡಿ ಅಂತ ಆ ದೇಶದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಎಚ್ಚರಿಸುತ್ತಾ ಬಂದಿದೆ. ಕೇಳುವವರು ಯಾರು!

ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೂಡ ಇಂಥದೇ ಎಚ್ಚರಿಕೆ ಕೊಡುತ್ತದೆ. ಅಪರಾಧ ಹೆಚ್ಚುವುದು ಬೇರೆ, ಪೊಲೀಸರು ದಾಖಲಿಸುವ ಅಪರಾಧ ಹೆಚ್ಚುವುದು ಬೇರೆ ಎಂದು ಅದರ ವರದಿಯಲ್ಲೇ ಬರೆದಿದೆ. ದೂರು ಕೊಡಲು ಜನ ಹೆದರದ, ಠಾಣೆಯವರು ದೂರು ತಳ್ಳಿಹಾಕದ ಜಾಗದಲ್ಲಿ ಅಂಕಿ ಏರುತ್ತದೆ. ಕೇರಳದ ಅಪರಾಧ ದರ ಪಟ್ಟಿಯ ಮೇಲ್ತುದಿಯಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ವಿಷಯ ಗಮನಿಸಿ. 2022ರ ವರದಿಯಲ್ಲೂ ಮಹಾನಗರಗಳ ದರ ಲೆಕ್ಕ ಹಾಕಿದ್ದು 2011ರ ಜನಗಣತಿಯ ಜನಸಂಖ್ಯೆ ಇಟ್ಟುಕೊಂಡು. ಆಮೇಲೆ ಬಂದು ನೆಲೆಸಿದವರು ಮಾಡಿದ, ಅನುಭವಿಸಿದ ಅಪರಾಧಗಳೆಲ್ಲ ಎಣಿಕೆಗೆ ಬಂದವು, ಆ ಜನರು ಬರಲಿಲ್ಲ. ವೇಗವಾಗಿ ಬೆಳೆದ ನಗರ ಇದ್ದುದಕ್ಕಿಂತ ಕೆಟ್ಟದಾಗಿ ಕಾಣದೆ ಇನ್ನೇನು?

ಊರಿನ ಹೆಸರು ಹೀಗೆ ಕೆಟ್ಟರೆ, ಆ ಊರು ಬಿಟ್ಟು ದುಡಿಯಲು ಹೋದವರ ಹೆಸರು ಇನ್ನೂ ಬೇಗ ಕೆಡುತ್ತದೆ. ಕಳ್ಳತನದ ಆರೋಪಿ ಸ್ಥಳೀಯನಾದರೆ ‘ಯುವಕನ ಬಂಧನ’. ಬೇರೆ ರಾಜ್ಯದವನಾದರೆ ಆ ರಾಜ್ಯದ ಹೆಸರು ಶೀರ್ಷಿಕೆಗೇ ಏರುತ್ತದೆ. ಸುಮ್ನೆ ಮಾಹಿತಿ ಕೊಟ್ಟೆವು ಅಂತ ನಿಮ್ಮ ಉಪಸಂಪಾದಕರು ಹೇಳಬಹುದು. ಆದರೆ ಬರೀ ಮಾಹಿತಿಯೂ ಏನು ಮಾಡುತ್ತದೆ ನೋಡಿ. ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೆಸರಿಲ್ಲದ ಎರಡು ಗುಂಪುಗಳು. ದೊಡ್ಡದರ ಬಗ್ಗೆ 18 ಒಳ್ಳೆಯ ಸಂಗತಿ, 8 ಕೆಟ್ಟವು. ಚಿಕ್ಕದರ ಬಗ್ಗೆ 9 ಒಳ್ಳೆಯವು, 4 ಕೆಟ್ಟವು. ಎರಡರಲ್ಲೂ ಪ್ರಮಾಣ ಒಂದೇ. ಆದರೂ ಓದಿದವರು ಚಿಕ್ಕ ಗುಂಪನ್ನೇ ಕೆಟ್ಟದ್ದು ಅಂದುಕೊಂಡರು. ಅಪರೂಪಕ್ಕೆ ಕಾಣುವ ಜನ, ಅಪರೂಪಕ್ಕೆ ನಡೆಯುವ ಕೆಟ್ಟ ಕೆಲಸ, ಇವೆರಡು ಒಟ್ಟಿಗೆ ಬಂದರೆ ತಲೆಯಲ್ಲಿ ಅಚ್ಚೊತ್ತಿಬಿಡುತ್ತವೆ. ದ್ವೇಷವೇ ಬೇಕಿಲ್ಲ. ದಿನವೂ ನಿಮ್ಮ ಪತ್ರಿಕೆ ಓದಿದರೆ ಸಾಕು!

ಹಾಗಾದರೆ ಊರಿನ ಸಮಸ್ಯೆಗಳನ್ನು ಬರೆಯಲೇಬಾರದೇ? ಖಂಡಿತ ಬರೆಯಬೇಕು, ಇನ್ನೂ ಜಾಸ್ತಿಯೇ ಬರೆಯಬೇಕು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಹೆಣ್ಣುಮಗಳಿಗೆ ಯಾವ ರಸ್ತೆಯಲ್ಲಿ ದೀಪ ಇಲ್ಲ ಅಂತ ಗೊತ್ತಾಗಬೇಕು. ‘ಆ ಊರು ಹೆಂಗಸರಿಗಲ್ಲ’ ಅನ್ನುವ ಶೀರ್ಷಿಕೆಯಿಂದ ಅವಳಿಗೆ ಏನೂ ತಿಳಿಯುವುದಿಲ್ಲ. ನನ್ನ ಸಿಟ್ಟೆಲ್ಲ ಇಲ್ಲೇ ಇರುವುದು. ಊರಿನ ಗುಣವೇ ಅಂಥದ್ದು ಅಂದ ಮೇಲೆ ದೀಪ ಹಾಕಿಸಬೇಕಾದವನನ್ನು ಯಾರೂ ಕೇಳುವುದಿಲ್ಲ. ಕೆಟ್ಟ ಹೆಸರು ಊರಿನ ಜನರಿಗೆ ಅವಮಾನ. ಅಲ್ಲಿ ಕೆಲಸ ಮಾಡದೆ ಕುಳಿತ ಅಧಿಕಾರಿಗಳಿಗೆ ಒಳ್ಳೆಯ ಕೊಡೆ.

ಗುಜರಾತಿನ ಸೂರತ್ ಇದಕ್ಕೆ ಸಾಕ್ಷಿ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಕೊಳಕು ಊರು ಎಂಬ ಹೆಸರು ಹೊರದೇಶಗಳಿಗೂ ಹೋಯಿತು. ಮಾರನೇ ವರ್ಷ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅಲ್ಲಿನ ಜನರ ಗುಣದ ಬಗ್ಗೆ ಪ್ರವಚನ ಮಾಡಲಿಲ್ಲ. ಕಸ ಎತ್ತಿಸಿದರು, ಅಧಿಕಾರಿಗಳನ್ನು ದಿನವೂ ಬೀದಿಗೆ ಇಳಿಸಿದರು. ಕೆಲವೇ ವರ್ಷಗಳಲ್ಲಿ ಅದು ದೇಶದ ಶುಚಿಯಾದ ನಗರಗಳಲ್ಲಿ ಒಂದು ಎನಿಸಿಕೊಂಡಿತು. ನಗರಗಳ ಶುಚಿತ್ವ ಅಳೆಯುವ ಕೇಂದ್ರ ಸರ್ಕಾರದ 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಊರು ಅದೇ. ಬದಲಾದದ್ದು ಕಸ ಎತ್ತುವ ವ್ಯವಸ್ಥೆ.

ನನ್ನ ಕೋರಿಕೆಗಳು ದೊಡ್ಡವೇನಲ್ಲ. ನಗರಗಳ ಪಟ್ಟಿ ಹಾಕುವಾಗ ಯಾವ ಗಡಿ, ಯಾವ ವರ್ಷದ ಜನಸಂಖ್ಯೆ ಅಂತ ಪಟ್ಟಿಯ ಕೆಳಗೇ ಒಂದು ಸಾಲು ಹಾಕಿ. ಅವಹೇಳನವಾಗುವ ಕಡೆ ಜಾತಿಯ ಹೆಸರು ಬಳಸಬೇಡಿ ಎಂದು ಭಾರತೀಯ ಪತ್ರಿಕಾ ಮಂಡಳಿಯ ನಿಯಮ ಹೇಳುತ್ತದೆ. ಸುದ್ದಿಗೆ ಸಂಬಂಧವಿಲ್ಲದ ಕಡೆ ಆರೋಪಿಯ ರಾಜ್ಯ, ಊರುಗಳಿಗೂ ಅದೇ ನಿಯಮವನ್ನು ನೀವಾಗಿಯೇ ಹಾಕಿಕೊಳ್ಳಬಹುದು. ಮತ್ತೆ, ತಿದ್ದುಪಡಿ ಹಾಕುವ ಪ್ರಸಂಗ ಬಂದರೆ ಒಳಪುಟದ ಮೂಲೆಗೆ ತಳ್ಳಬೇಡಿ. ಮೂಲ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಈ ಸಲದ ಪಟ್ಟಿಯಿಂದಲೇ ಶುರು ಮಾಡುವುದಾದರೆ, ಅದಕ್ಕೆ ಬಳಸಿದ ಜನಸಂಖ್ಯೆ ಯಾವ ವರ್ಷದ್ದು ಅಂತ ನಾಳೆಯೇ ತಿಳಿಸಬಹುದು.

ಇಂತಿ,
ನಿಮ್ಮ ಓದುಗ