ವರ್ಷದ ಲೆಕ್ಕ ಪೀಪಾಯಿಗೆ, ಸೀಸೆಗಲ್ಲ

ಮಾನ್ಯ ಸಂಪಾದಕರೇ,

ಭಟ್ಟಿ ಇಳಿಸಿದ ಮದ್ಯಗಳ ಬಗ್ಗೆ ತಮ್ಮ ವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆ ಚೆನ್ನಾಗಿದೆ, ಆದರೆ ವಿಸ್ಕಿಯನ್ನು ಸೀಸೆಯಲ್ಲಿ ಇಟ್ಟಷ್ಟೂ ಅದು ಮಾಗುತ್ತದೆ ಎಂಬ ಮಾತೂ, ಬಣ್ಣ ಕಡುವಾದಷ್ಟೂ ಮದ್ಯ ಹಳೆಯದು ಎಂಬ ಮಾತೂ ಸರಿಯಲ್ಲ. ನಾನು ಕುಡಿಯುವವನಲ್ಲ, ರಸಾಯನಶಾಸ್ತ್ರ ಪಾಠ ಮಾಡುತ್ತ ಬಾಳಿನ ಬಹುಭಾಗ ಕಳೆದವನು. ಮನುಷ್ಯ ನೂರಾರು ವರ್ಷ ಶ್ರಮಪಟ್ಟು ಕಲಿತ ಒಂದು ವಿದ್ಯೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಪತ್ರಿಕೆಯ ಮೂಲಕ ಗಟ್ಟಿಯಾಗಬಾರದೆಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಮೊದಲು ಹುದುಗಿಸುವುದಕ್ಕೂ ಭಟ್ಟಿ ಇಳಿಸುವುದಕ್ಕೂ ಇರುವ ಅಂತರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಯುರ್ವೇದದ ಪರಿಭಾಷೆಯಲ್ಲಿ ಆಸವ, ಅರಿಷ್ಟ ಎಂದರೆ ಹುದುಗಿಸಿದ್ದು, ಅರ್ಕ ಎಂದರೆ ಭಟ್ಟಿ ಇಳಿಸಿದ್ದು. ಲೇಖನದಲ್ಲಿ ಈ ಗೆರೆ ಅಳಿಸಿಹೋಗಿದೆ. ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿಸಿಯೋ, ಹಣ್ಣು, ಕಬ್ಬಿನ ಹಾಲು, ಕಾಕಂಬಿಗಳಲ್ಲಿ ಮೊದಲೇ ಇರುವ ಸಕ್ಕರೆಯಿಂದಲೋ ಯೀಸ್ಟು ತಯಾರಿಸುವ ಆಲ್ಕೋಹಾಲಿನ ಪ್ರಮಾಣ ವಿಸ್ಕಿ ಮಾಡುವವರ ತೊಟ್ಟಿಯಲ್ಲಿ ಸಾಮಾನ್ಯವಾಗಿ ಶೇ 7ರಿಂದ 10ರಷ್ಟಿರುತ್ತದೆ. ಈ ಆಲ್ಕೋಹಾಲು, ಅಂದರೆ ಎಥನಾಲ್, ಸುಮಾರು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುವುದರಿಂದ, ಈ ದ್ರವವನ್ನು ಕಾಯಿಸಿದಾಗ ಏಳುವ ಹಬೆಯಲ್ಲಿ ಆಲ್ಕೋಹಾಲಿನ ಪಾಲು ಹೆಚ್ಚಿರುತ್ತದೆ. ಆ ಹಬೆಯನ್ನು ತಣಿಸಿ ಹಿಡಿಯುವುದೇ ಭಟ್ಟಿ ಇಳಿಸುವ ಕೆಲಸ. ಮೊದಲು ಬರುವ ಭಾಗವನ್ನೂ ಕೊನೆಯ ಭಾಗವನ್ನೂ ಬೇರೆ ತೆಗೆದು ನಡುವಿನದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು: ವಿಷಕಾರಿ ಆಲ್ಕೋಹಾಲಾದ ಮೆಥನಾಲ್ 64.7 ಡಿಗ್ರಿಯಲ್ಲೇ ಕುದಿಯುತ್ತದಾದರೂ, ನೀರು ಮತ್ತು ಎಥನಾಲಿನೊಡನೆ ಬೆರೆತಾಗ ಅದು ಮೊದಲ ಹನಿಗಳಲ್ಲೇ ಪೂರ್ತಿ ಹೊರಬರುವುದಿಲ್ಲ. ಆದ್ದರಿಂದ ಮೊದಲ ಭಾಗ ಚೆಲ್ಲಿದರೆ ಕಲಬೆರಕೆಯ ಮದ್ಯವೂ ನಿರಪಾಯವಾಗುತ್ತದೆ ಎಂಬ ನಂಬಿಕೆ ಪ್ರಾಣಕ್ಕೇ ಎರವಾಗಬಲ್ಲದು.

ಭಟ್ಟಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಪ್ರತಿ ಸಲವೂ ತುಂಬಿ, ಕಾಯಿಸಿ, ಬರಿದು ಮಾಡುವ ತಾಮ್ರದ ಹಂಡೆ. ಆ ತಾಮ್ರ ಶೋಭೆಗಾಗಿ ಇರುವುದಲ್ಲ, ಹಬೆಯಲ್ಲಿರುವ ಗಂಧಕದ ದುರ್ವಾಸನೆಯ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುವುದೇ ಅದು. ಇನ್ನೊಂದು, ನಿಲ್ಲದೆ ನಡೆಯುವ ಸ್ತಂಭಾಕಾರದ ಭಟ್ಟಿ. ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ 1830ರಲ್ಲಿ ಇದರ ಸುಧಾರಿತ ರೂಪಕ್ಕೆ ಪೇಟೆಂಟ್ ಪಡೆದರು. ಹಂಡೆಯಲ್ಲಿ ಎರಡು ಸಲ ಇಳಿಸಿದ, ಫ್ರಾನ್ಸಿನ ದ್ರಾಕ್ಷಿ ಬ್ರಾಂಡಿಯಾದ ಕೋನ್ಯಾಕ್ ಶೇ 70ರ ಆಸುಪಾಸಿನಲ್ಲಿ ನಿಂತರೆ, ಸ್ತಂಭದ ಭಟ್ಟಿಯಿಂದ ಶೇ 90ನ್ನು ಮೀರಿದ ಮದ್ಯ ಬರುತ್ತದೆ. ಯುರೋಪಿನ ನಿಯಮದಲ್ಲಿ ವೋಡ್ಕಾಕ್ಕೂ ಜಿನ್‌ಗೂ ಆಧಾರವಾದ ತಟಸ್ಥ ಆಲ್ಕೋಹಾಲು ಕನಿಷ್ಠ ಶೇ 96 ಇರಬೇಕು. ಸಾಂದ್ರತೆ ಏರಿದಷ್ಟೂ ಮೂಲಪದಾರ್ಥದ ವಾಸನೆ, ರುಚಿ ಹಿಂದೆ ಉಳಿಯುತ್ತವೆ. ಕಡಿಮೆ ಸಾಂದ್ರತೆಯಲ್ಲಿ ಇಳಿಸಿದ ಮದ್ಯ ಹೊತ್ತುತರುವ, ಪರಿಮಳ ಕೊಡುವ ಎಸ್ಟರ್ ಎಂಬ ಸಂಯುಕ್ತ, ಆಮ್ಲ, ಎಣ್ಣೆಯಂಶಗಳೇ ಮುಂದೆ ಮರದೊಡನೆ ಸೇರಿ ಬದಲಾಗುವಂಥವು. ವೋಡ್ಕಾವನ್ನು ಯಾರೂ 12 ವರ್ಷ ಕಾಪಿಡದಿರುವುದಕ್ಕೆ ಕಾರಣ ಇಲ್ಲಿದೆ.

ಇನ್ನು ವಯಸ್ಸಿನ ವಿಚಾರ. ಭಟ್ಟಿಯಿಂದ ಆಗತಾನೆ ಇಳಿದ ವಿಸ್ಕಿ ನೀರಿನಂತೆ ನಿರ್ವರ್ಣ. ಓಕ್ ಮರದ ಪೀಪಾಯಿಯ ಒಳಮೈಯನ್ನು ಕಾಯಿಸಿಯೋ ಸುಟ್ಟು ಕರಿ ಮಾಡಿಯೋ ಇರುತ್ತಾರೆ. ಆ ಶಾಖಕ್ಕೆ ಮರದ ಲಿಗ್ನಿನ್ ಒಡೆದು ವೆನಿಲಾದ ಪರಿಮಳ ಕೊಡುವ ವೆನಿಲಿನ್ ಆಗುತ್ತದೆ, ಹೆಮಿಸೆಲ್ಯುಲೋಸ್ ಸುಟ್ಟ ಸಕ್ಕರೆಯ ರುಚಿ ಕೊಡುತ್ತದೆ, ಇದ್ದಿಲಿನ ಪದರ ಒರಟು ವಾಸನೆಗಳನ್ನು ಹೀರಿಕೊಳ್ಳುತ್ತದೆ. ಮರದ ಸಂದುಗಳಿಂದ ಆಮ್ಲಜನಕ ಒಳಬರುತ್ತದೆ, ಆವಿ ಹೊರಹೋಗುತ್ತದೆ. ಹೀಗೆ ಹಾರಿಹೋಗುವುದನ್ನು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2, ಬಿಸಿಲಿನ ನಾಡುಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಸ್ಕಾಟ್ಲೆಂಡಿನ ತಂಪು, ತೇವದ ಉಗ್ರಾಣದಲ್ಲಿ ಪೀಪಾಯಿಯೊಳಗಿನ ಮದ್ಯದ ಸಾಂದ್ರತೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅಮೆರಿಕದ ಕೆಂಟಕಿಯ ಬೆಚ್ಚನೆಯ ಉಗ್ರಾಣದ ಮೇಲಂತಸ್ತಿನಲ್ಲಿ ನೀರೇ ಬೇಗ ಹೋಗಿ ಸಾಂದ್ರತೆ ಏರುವುದುಂಟು. ಹಾಗಿರುವಾಗ ಸ್ಕಾಟ್ಲೆಂಡಿನ 12 ವರ್ಷವನ್ನೂ ಕೆಂಟಕಿಯ 12 ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಾದರೂ ಹೇಗೆ? ಗಾಜಿಗೆ ಕೊಡಲು ಏನೂ ಇಲ್ಲ. ವಿಸ್ಕಿ, ಬ್ರಾಂಡಿ, ರಮ್‌ಗಳ ವಯಸ್ಸು ಸೀಸೆಗೆ ಇಳಿದ ದಿನವೇ ನಿಂತುಹೋಗುತ್ತದೆ.

ಬಣ್ಣವೂ ನಂಬತಕ್ಕ ಸಾಕ್ಷಿಯಲ್ಲ. ಹೊಸದಾಗಿ ಸುಟ್ಟ ಪೀಪಾಯಿ ಎರಡೇ ವರ್ಷಗಳಲ್ಲಿ ಕೊಡುವ ಬಣ್ಣವನ್ನು ಮೂರು ನಾಲ್ಕು ಸಲ ಬಳಸಿದ ಪೀಪಾಯಿ ಹತ್ತು ವರ್ಷವಾದರೂ ಕೊಡಲಾರದು. ಸ್ಕಾಚ್‌ಗೆ, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಗೆ, ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ; ಇನ್ನೊಂದೆಡೆ, ಮರದಲ್ಲಿ ಮಾಗಿಸಿದ ಕೆಲವು ರಮ್‌ಗಳನ್ನು ಇದ್ದಿಲಿನಲ್ಲಿ ಸೋಸಿ ಬಣ್ಣ ತೆಗೆದು ಬಿಳಿ ರಮ್ ಎಂದು ಮಾರುತ್ತಾರೆ.

ಸೀಸೆಯ ಮೇಲಿನ ಸಂಖ್ಯೆಗೆ ಅರ್ಥ ಬರುವುದು ಅದರ ಹಿಂದಿರುವ ಕಾನೂನಿನಿಂದ. ವಿಸ್ಕಿ ಎಂದರೆ ಏನು ಎಂಬುದನ್ನೇ ಇತ್ಯರ್ಥ ಮಾಡಲು ಬ್ರಿಟನ್ 1908ರಲ್ಲಿ ರಾಯಲ್ ಕಮಿಷನ್ ನೇಮಿಸಬೇಕಾಯಿತು. 1915ರಲ್ಲಿ, ಮಹಾಯುದ್ಧದ ನಡುವೆ, ಎಳೆಯ ಮದ್ಯದ ಮಾರಾಟವನ್ನು ತಡೆಯುವ ಕಾಯ್ದೆ ಬಂದು ಮೊದಲು ಎರಡು, ಬಳಿಕ ಮೂರು ವರ್ಷ ಕಾಪಿಡುವುದು ಕಡ್ಡಾಯವಾಯಿತು. ಈಗಿನ 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ಅದು 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಸ್ಕಾಟ್ಲೆಂಡಿನಲ್ಲೇ ಕನಿಷ್ಠ ಮೂರು ವರ್ಷ ಇರಬೇಕು, ಸೀಸೆಗೆ ತುಂಬುವಾಗ ಆಲ್ಕೋಹಾಲು ಶೇ 40ಕ್ಕೆ ಕಡಿಮೆಯಿರಬಾರದು, ಹಲವು ವಯಸ್ಸಿನ ಮದ್ಯಗಳನ್ನು ಬೆರೆಸಿದ್ದರೆ ಎಲ್ಲಕ್ಕಿಂತ ಕಿರಿಯದರ ವಯಸ್ಸನ್ನಷ್ಟೇ ಬರೆಯಬೇಕು. ಈ ಕೊನೆಯ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಅದು ಮಾರುವವನ ಬಾಯಿಗಿಂತ ಕೊಳ್ಳುವವನ ಕಣ್ಣಿಗೆ ಹೆಚ್ಚು ಬೆಲೆ ಕೊಡುತ್ತದೆ. ಸೊಲೆರಾ ಕ್ರಮದಲ್ಲಿ ಹಳೆಯ ಪೀಪಾಯಿಯಿಂದ ಒಂದಿಷ್ಟು ತೆಗೆದು ಎಳೆಯದನ್ನು ತುಂಬುತ್ತ ಹೋಗುವ ರಮ್‌ಗಳಲ್ಲಿ ಕಾಣುವ ದೊಡ್ಡ ಸಂಖ್ಯೆಗೆ ಎಲ್ಲ ಕಡೆಯೂ ಇಂಥ ಕಟ್ಟುಪಾಡಿಲ್ಲ.

ಅಮೆರಿಕದ ಬೂರ್ಬನ್ ವಿಸ್ಕಿಯಲ್ಲಿ ಧಾನ್ಯದ ಶೇ 51ರಷ್ಟಾದರೂ ಮುಸುಕಿನ ಜೋಳವಿರಬೇಕು, ಪೀಪಾಯಿ ಹೊಸದಾಗಿಯೇ ಇರಬೇಕು. ಬಳಸಿದ ಆ ಪೀಪಾಯಿಗಳೇ ಮುಂದೆ ಸ್ಕಾಟ್ಲೆಂಡಿಗೆ ಹೋಗುತ್ತವೆ. ಆದರೆ ಬೂರ್ಬನ್ ಎಂಬ ಹೆಸರಿಗೆ ಇಷ್ಟು ವರ್ಷ ಎಂಬ ಮಿತಿಯಿಲ್ಲ. ‘ಸ್ಟ್ರೈಟ್’ ಎಂದು ಸೇರಿಸಿದಾಗ ಮಾತ್ರ ಎರಡು ವರ್ಷ ಬೇಕು. ಕೋನ್ಯಾಕ್‌ನ ಎಕ್ಸ್‌ಒ ಎಂಬ ಅಕ್ಷರಗಳಿಗೆ ಮೊದಲು ಆರು ವರ್ಷ ಸಾಕಿತ್ತು, 2018ರಿಂದ ಹತ್ತು ಬೇಕು. ಮೆಕ್ಸಿಕೊದಲ್ಲಿ ನೀಲಿ ಕತ್ತಾಳೆಯಿಂದ ತಯಾರಿಸುವ ಟೆಕೀಲಾದಲ್ಲಿ ಎರಡು ತಿಂಗಳಾದರೆ ರೆಪೊಸಾದೊ, ಒಂದು ವರ್ಷವಾದರೆ ಅನ್ಯೆಹೊ. ಇದು ತೀರ ಕಡಿಮೆ ಎನಿಸಬಹುದು, ಆದರೆ ನೀಲಿ ಕತ್ತಾಳೆಯ ಗಿಡ ಹೊಲದಲ್ಲೇ ಆರೇಳು ವರ್ಷ ಬೆಳೆದಿರುತ್ತದೆ ಎಂಬುದನ್ನು ಮರೆಯಬಾರದು. ಜಪಾನಿನ ತಯಾರಕರ ಸಂಘ ಜಪಾನಿ ವಿಸ್ಕಿ ಎಂದರೆ ಅಲ್ಲೇ ಹುದುಗಿಸಿ, ಇಳಿಸಿ, ಮೂರು ವರ್ಷ ಕಾಪಿಟ್ಟದ್ದು ಎಂದು ಗೊತ್ತುಮಾಡಿದ್ದು 2021ರಲ್ಲಿ.

ಮರವೇ ಆಗಬೇಕೆಂದೂ ಇಲ್ಲ. ಚೀನಾದ ಬೈಜಿಯು ತಯಾರಿಸಲು ಜೋಳವನ್ನು ಬೇಯಿಸಿ, ಚ್ಯು ಎಂಬ ಹುದುಗು ಬೆರೆಸಿ, ನೀರು ತುಂಬಿಸದೆ ಗಟ್ಟಿಯಾಗಿಯೇ ಹುದುಗಿಸಿ, ಹಬೆ ಹಾಯಿಸಿ ಮದ್ಯ ಇಳಿಸುತ್ತಾರೆ. ಅದು ಮಾಗುವುದು ಮಣ್ಣಿನ ಹೂಜಿಗಳಲ್ಲಿ, ಅದರ ವರ್ಗೀಕರಣ ನಡೆಯುವುದು ಪರಿಮಳದ ಆಧಾರದ ಮೇಲೆ. ಜಪಾನಿನ ಓಕಿನಾವಾದ ಅವಾಮೊರಿ ಎಂಬ ಮದ್ಯವನ್ನು ಅಕ್ಕಿಯಿಂದ ತಯಾರಿಸಿ, ಮೂರು ವರ್ಷ ಅಥವಾ ಹೆಚ್ಚು ಕಾಲ ಕಾಪಿಟ್ಟರೆ ಅದನ್ನು ಹಳೆಯ ಮದ್ಯ ಎಂಬ ಅರ್ಥದ ‘ಕೂಸೂ’ ಎಂಬ ಅಲ್ಲಿನ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದ ಹಳೆಯ ದಾಸ್ತಾನು 1945ರ ಯುದ್ಧದಲ್ಲಿ ಬಹುಪಾಲು ನಾಶವಾಯಿತು. ಲೇಖನದಲ್ಲಿ ಇವೆರಡರ ಹೆಸರೂ ಇಲ್ಲದ್ದು ನನಗೆ ನಿಜವಾಗಿಯೂ ಬೇಸರ ತಂದಿತು.

ಆದಕಾರಣ ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಬೇಕು: 12 ವರ್ಷ ಪೀಪಾಯಿಯಲ್ಲಿದ್ದು ಬಂದ ವಿಸ್ಕಿಯನ್ನು ಕಪಾಟಿನಲ್ಲಿ ಇನ್ನೂ 30 ವರ್ಷ ಇಟ್ಟರೂ ಅದು 12 ವರ್ಷದ ವಿಸ್ಕಿಯೇ. ಮತ್ತು ಇನ್ನು ಮುಂದೆ ಮದ್ಯವೊಂದರ ವಯಸ್ಸನ್ನು ಅಚ್ಚು ಹಾಕುವಾಗ, ಅದು ಯಾವ ಪದಾರ್ಥದಿಂದ ಆದದ್ದು, ಯಾವ ದೇಶದ ನಿಯಮದಂತೆ ಆ ವರ್ಷಗಳನ್ನು ಎಣಿಸಲಾಗಿದೆ ಎಂಬುದನ್ನೂ ಜೊತೆಗೇ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ